ಓದುಗರ ಪ್ರಶ್ನೆ: ಬೈಕಿಗೆ ಮನೆಯಲ್ಲೇ ದೀಪ, ಚಾರ್ಜರ್ ಜೋಡಿಸುವಾಗ

ಪ್ರಶ್ನೆ: ನಾನು ಮಲ್ಪೆ ಬಂದರಿನಿಂದ ಮೀನು ತುಂಬಿಸಿಕೊಂಡು ಬೆಳಗಿನ ಜಾವ ಹೆಬ್ರಿಯ ಕಡೆಗೆ ಬೈಕಿನಲ್ಲಿ ಹೋಗುವವನು. ಮಳೆಗಾಲದಲ್ಲಿ ಹೆಡ್‌ಲೈಟಿನ ಬೆಳಕು ಸಾಲುವುದಿಲ್ಲವೆಂದು 20 ವ್ಯಾಟಿನ ಎರಡು ಎಲ್‌ಇಡಿ ಫಾಗ್‌ಲ್ಯಾಂಪು ತಂದಿದ್ದೇನೆ. ಹೆಡ್‌ಲೈಟಿನ ವಯರನ್ನೇ ಸುಲಿದು ಅಲ್ಲಿಂದ ಕನೆಕ್ಷನ್ ಕೊಟ್ಟರೆ ಸಾಕೆಂದು ಗೆಳೆಯರು ಹೇಳುತ್ತಾರೆ. ಹಾಗೆ ಮಾಡಬಹುದೇ?
– ಓದುಗರೊಬ್ಬರು, ಮಲ್ಪೆ

ಉತ್ತರ: ಈ ಕೆಲಸವನ್ನು ನೀವು ಮನೆಯಲ್ಲೇ ಮಾಡಿಕೊಳ್ಳಬಹುದು, ಆದರೆ ಹೆಡ್‌ಲೈಟಿನ ವಯರನ್ನು ದಯವಿಟ್ಟು ಸುಲಿಯಬೇಡಿ. ಆ ವಯರು, ಸ್ವಿಚ್ಚು ಮತ್ತು ಫ್ಯೂಸುಗಳನ್ನು ತಯಾರಕರು ಹೆಡ್‌ಲೈಟಿನ ಹೊರೆಗೆ ತಕ್ಕಂತೆ ಆರಿಸಿರುತ್ತಾರೆ. ಹೊಸ ದೀಪಗಳ ಹೊರೆಯನ್ನೂ ಅದರ ಮೇಲೆ ಹೇರಿದರೆ ಸ್ವಿಚ್ಚಿನ ಒಳಗಿನ ಸಂಪರ್ಕ ಕಾಯಲು ಆರಂಭಿಸುತ್ತದೆ, ಮತ್ತು ಹೊಸ ದೀಪದಲ್ಲಿ ಎಲ್ಲಾದರೂ ಶಾರ್ಟ್ ಆದರೆ ಫ್ಯೂಸ್ ಹಾರಿ ಹೆಡ್‌ಲೈಟೂ ಅದರೊಂದಿಗೆ ಆರಿಹೋಗುತ್ತದೆ. ನಸುಕಿನ ಮಳೆಯಲ್ಲಿ ಎರಡೂ ಒಟ್ಟಿಗೆ ಆರುವುದಕ್ಕಿಂತ ದೊಡ್ಡ ಅಪಾಯ ಬೇರೊಂದಿಲ್ಲ.

ಮೊದಲು ಲೆಕ್ಕ ಹಾಕೋಣ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್ ದೊರೆಯುತ್ತದೆ. ನಿಮ್ಮ ಎರಡು ದೀಪಗಳು ಸೇರಿ 40 ವ್ಯಾಟ್. ಬೈಕಿನದು 12 ವೋಲ್ಟಿನ ವ್ಯವಸ್ಥೆ. ಆದುದರಿಂದ ಸುಮಾರು 3.3 ಆಂಪಿಯರ್ ಬೇಕು. ಇದಕ್ಕೆ 5 ಆಂಪಿಯರಿನ ಫ್ಯೂಸ್ ಮತ್ತು 1 ಚದರ ಮಿಲಿಮೀಟರಿನ, ಹಲವು ಎಳೆಗಳ ತಾಮ್ರದ ವಯರು ಸಾಕು. ಮನೆಯ ವಯರಿಂಗಿಗೆ ಬಳಸುವ ಒಂಟಿ ಎಳೆಯ ಗಟ್ಟಿ ವಯರು ಬೈಕಿನ ಅದುರುವಿಕೆಗೆ ಕೆಲವೇ ತಿಂಗಳಲ್ಲಿ ಒಳಗೊಳಗೇ ತುಂಡಾಗಬಹುದಾದುದರಿಂದ ಅದು ಬೇಡ. 55 ವ್ಯಾಟಿನ ಎರಡು ಹ್ಯಾಲೋಜನ್ ದೀಪಗಳನ್ನು ತಂದಿದ್ದರೆ 9 ಆಂಪಿಯರಿಗೂ ಮಿಕ್ಕಿ ಬೇಕಾಗುತ್ತಿತ್ತು. ಸಾಮಾನ್ಯ ಬೈಕಿಗೆ ಅದನ್ನು ನಾನು ಒಪ್ಪುತ್ತಿರಲಿಲ್ಲ. 2017ರ ಏಪ್ರಿಲ್ 1ರ ಬಳಿಕ ನಮ್ಮ ದೇಶದಲ್ಲಿ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟು ಎಂಜಿನ್ ಚಾಲೂ ಇರುವಷ್ಟು ಹೊತ್ತೂ ಉರಿಯುತ್ತಿರುತ್ತದೆ. ಹಾಗಾಗಿ ಎಂಜಿನ್ನು ಉತ್ಪಾದಿಸುವ ವಿದ್ಯುತ್ತಿನಲ್ಲಿ ಉಳಿಯುವುದು ಮೊದಲಿಗಿಂತ ಕಡಿಮೆ ಎಂಬುದನ್ನು ನೆನಪಿಡಬೇಕು.

ಸಂಪರ್ಕವನ್ನು ನೇರವಾಗಿ ಬ್ಯಾಟರಿಯಿಂದಲೇ ತೆಗೆದುಕೊಳ್ಳಿ, ನಡುವೆ ಒಂದು ರಿಲೇ ಇರಲಿ. ರಿಲೇ ಎಂದರೆ ಸಣ್ಣ ವಿದ್ಯುತ್ತಿನಿಂದ ದೊಡ್ಡ ಹೊರೆಯನ್ನು ಚಾಲೂ ಮಾಡುವ ಒಂದು ಸ್ವಿಚ್ಚು. ರಿಲೇಯ ಕಾಲುಗಳ ಬಳಿ ಅಂಕಿಗಳಿರುತ್ತವೆ. ಬ್ಯಾಟರಿಯ ಪ್ಲಸ್‌ನಿಂದ ಫ್ಯೂಸಿನ ಮೂಲಕ ಬಂದ ವಯರು 30ಕ್ಕೆ, ದೀಪಗಳಿಗೆ ಹೋಗುವ ವಯರು 87ಕ್ಕೆ. 86 ಮತ್ತು 85, ಆ ಸ್ವಿಚ್ಚನ್ನು ಎಳೆಯುವ ಒಳಗಿನ ಕಾಯಿಲಿನ (ತಂತಿಸುರುಳಿಯ) ಎರಡು ತುದಿಗಳು. ಹ್ಯಾಂಡಲಿನ ಹೊಸ ಸ್ವಿಚ್ಚಿನಿಂದ ಬಂದ ವಯರನ್ನು 86ಕ್ಕೆ ಕೊಟ್ಟು 85ನ್ನು ಅರ್ಥ್ ಮಾಡಬೇಕು, ಅಂದರೆ ಬ್ಯಾಟರಿಯ ಮೈನಸ್‌ಗೆ ಸೇರಿಸಬೇಕು. ಆ ಸ್ವಿಚ್ಚಿಗೆ ಬೇಕಾದ ಪ್ಲಸ್ಸನ್ನು, ಕೀ ಹಾಕಿದಾಗ ಮಾತ್ರ ವಿದ್ಯುತ್ ಬರುವ ಟೈಲ್‌ಲ್ಯಾಂಪಿನಂಥ ವಯರಿನಿಂದ ತೆಗೆಯಬಹುದು, ಏಕೆಂದರೆ ಕಾಯಿಲ್ ಎಳೆಯುವುದು ಸುಮಾರು 0.2 ಆಂಪಿಯರ್ ಅಷ್ಟೇ. ಇಂಧನ ಇಂಜೆಕ್ಷನ್ ಇರುವ ಬೈಕಾದರೆ ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಮತ್ತು ಎಬಿಎಸ್‌ಗೆ (ಬ್ರೇಕ್ ಒತ್ತಿದಾಗ ಚಕ್ರ ಸಿಕ್ಕಿಬೀಳದಂತೆ ತಡೆಯುವ ವ್ಯವಸ್ಥೆಗೆ) ಸೇರಿದ ವಯರುಗಳನ್ನು ಮುಟ್ಟಲೇಬಾರದು.

ಫ್ಯೂಸ್ ಎಲ್ಲಿರಬೇಕೆಂಬುದರಲ್ಲಿ ಹಲವರು ತಪ್ಪುತ್ತಾರೆ. ದೀಪವನ್ನು ಕಾಯುವುದಕ್ಕೆ ಫ್ಯೂಸ್ ಇದೆಯೆಂದು ತಿಳಿದು ಅದನ್ನು ದೀಪದ ಬಳಿ ಕೂರಿಸುತ್ತಾರೆ. ವಾಸ್ತವದಲ್ಲಿ ಅದು ಕಾಯುವುದು ವಯರನ್ನು. ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲಿ ಹಾದುಹೋಗುವ ವಯರಿನ ಹೊದಿಕೆ ಉಜ್ಜಿ ಸವೆದು ಚೌಕಟ್ಟಿಗೆ ತಾಗಿದರೆ, ಫ್ಯೂಸ್ ಅದಕ್ಕಿಂತ ಹಿಂದೆ, ಅಂದರೆ ಬ್ಯಾಟರಿಯ ಕಡೆ ಇದ್ದರೆ ಮಾತ್ರ ಬೆಂಕಿ ತಪ್ಪುತ್ತದೆ. ಆದ್ದರಿಂದ ಬ್ಯಾಟರಿಯ ಪ್ಲಸ್ ಟರ್ಮಿನಲಿನಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲಿ.

ಇನ್ನು ನಮ್ಮ ಊರಿನ ಸಂಗತಿ. ಮಳೆಯೂ ಉಪ್ಪುಗಾಳಿಯೂ ಸೇರಿದ ಈ ಕರಾವಳಿಯಲ್ಲಿ ದೀಪ ಕೆಡುವುದಕ್ಕಿಂತ ಮೊದಲು ಜೋಡಣೆ ಕೆಡುತ್ತದೆ. ನಿಮ್ಮ ಬೈಕಿನಲ್ಲಂತೂ ಮೀನಿನ ಪೆಟ್ಟಿಗೆಯಿಂದ ಉಪ್ಪುನೀರು ಸೀಟಿನ ಹಿಂದೆ ದಿನವೂ ತೊಟ್ಟಿಕ್ಕುತ್ತಿರುತ್ತದೆ. ಎರಡು ವಯರುಗಳನ್ನು ಹೊಸೆದು ಇನ್ಸುಲೇಶನ್ ಟೇಪು ಸುತ್ತಿದರೆ, ಎಂಜಿನ್ನಿನ ಶಾಖಕ್ಕೆ ಟೇಪಿನ ಅಂಟು ಕರಗಿ, ಸಂದಿಯಲ್ಲಿ ನೀರು ನಿಂತು, ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ವಯರಿನ ಎಳೆಗಳ ನಡುವೆ ನೀರು ಮೇಲಕ್ಕೆ ಏರುವುದರಿಂದ ಆ ಕಿಲುಬು ಹೊದಿಕೆಯ ಒಳಗೂ ಹಬ್ಬುತ್ತದೆ. ಆದುದರಿಂದ ಟರ್ಮಿನಲನ್ನು ಕ್ರಿಂಪ್ ಮಾಡಿ (ಇಕ್ಕಳದಿಂದ ವಯರಿನ ಮೇಲೆ ಒತ್ತಿ ಬಿಗಿದು), ಅದರ ಮೇಲೆ ಒಳಮೈಗೆ ಅಂಟು ಸವರಿರುವ, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಟ್ಯೂಬನ್ನು ಏರಿಸಿ ಬಿಸಿ ಮಾಡಿ, ಅಂಟು ಎರಡೂ ತುದಿಗಳಿಂದ ಹೊರಗೆ ಒಸರುವವರೆಗೆ ಕಾಯಬೇಕು. ದೀಪಕ್ಕೋ ರಿಲೇಗೋ ಸೇರುವ ಮೊದಲು ವಯರು ಒಮ್ಮೆ ಕೆಳಗೆ ಬಾಗಿ ಮತ್ತೆ ಮೇಲೇರಲಿ. ಆಗ ನೀರು ಆ ಬಾಗಿನಲ್ಲೇ ಉದುರಿಹೋಗುತ್ತದೆ.

ಅರ್ಥ್ ವಯರನ್ನೂ ಬ್ಯಾಟರಿಯ ಮೈನಸ್‌ವರೆಗೆ ತನ್ನಿ. ಕೆಲವು ವರ್ಷಗಳ ಹಿಂದೆ ನಾನು ಚೌಕಟ್ಟಿನ ಬಣ್ಣ ಬಳಿದ ಒಂದು ಬೋಲ್ಟಿಗೆ ಅರ್ಥ್ ಕೊಟ್ಟಿದ್ದೆ. ಜುಲೈಯ ಒಂದು ರಾತ್ರಿ ಆಗುಂಬೆ ಘಾಟಿ ಇಳಿಯುವಾಗ, 14 ತಿರುವುಗಳ ಪೈಕಿ ಅರ್ಧ ದಾಟುವುದರೊಳಗೆ, ಹೊಸ ದೀಪಗಳೆರಡೂ ಮಿಣುಕತೊಡಗಿ ಆರಿಹೋದವು. ಮರುದಿನ ಬಿಚ್ಚಿ ನೋಡಿದರೆ ದೀಪ, ರಿಲೇ, ಫ್ಯೂಸ್ ಎಲ್ಲವೂ ಸರಿಯಾಗಿಯೇ ಇದ್ದವು. ಬೋಲ್ಟಿನ ಅಡಿಯಲ್ಲಿ ಮಾತ್ರ ತುಕ್ಕಿನ ಪದರವಿತ್ತು. ಹೆಡ್‌ಲೈಟಿನ ಸಂಪರ್ಕ ಬೇರೆಯಾಗಿದ್ದುದರಿಂದಲೇ ನಾನು ಅಂದು ಸೋಮೇಶ್ವರ ತಲುಪಿದೆ.

ಕೆಲಸ ಆರಂಭಿಸುವಾಗ ಬ್ಯಾಟರಿಯ ಮೈನಸ್ ಮೊದಲು ಬಿಚ್ಚಿ, ಮುಗಿದ ಮೇಲೆ ಕೊನೆಗೆ ಹಾಕಿ. ಇಲ್ಲವಾದರೆ ಪ್ಲಸ್‌ಗೆ ಹಿಡಿದ ಸ್ಪ್ಯಾನರ್ ಚೌಕಟ್ಟಿಗೆ ತಾಗಿದ ಕ್ಷಣವೇ ಕಿಡಿ ಹಾರುತ್ತದೆ. ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ವಯರು ಎಲ್ಲಿಯೂ ಬಿಗಿಯದಂತೆ ನೋಡಿಕೊಳ್ಳಿ. ಕೊನೆಯಲ್ಲಿ ದೀಪಗಳನ್ನು ಉರಿಸಿ, ಎಂಜಿನ್ನಿನ ವೇಗವನ್ನು ಸ್ವಲ್ಪ ಏರಿಸಿ, ಬ್ಯಾಟರಿಯ ಮೇಲೆ ಮಲ್ಟಿಮೀಟರ್ ಇಡಿ. 13.5ರಿಂದ 14.5 ವೋಲ್ಟಿನೊಳಗೆ ಇದ್ದರೆ ನಿಶ್ಚಿಂತೆ. 13ಕ್ಕಿಂತ ಕೆಳಗೇ ನಿಂತರೆ ನಿಮ್ಮ ದೀಪಗಳು ಬ್ಯಾಟರಿಯನ್ನು ತಿನ್ನುತ್ತಿವೆ ಎಂದರ್ಥ. ಬೆಳಕನ್ನು ರಸ್ತೆಗೆ ಬೀಳುವಂತೆ ಕೆಳಕ್ಕೆ ಬಾಗಿಸಿ. ಎದುರಿನಿಂದ ಬರುವವರ ಕಣ್ಣಿಗೆ ಹೊಡೆಯುವ ದೀಪ ಮಳೆಯಲ್ಲಿ ನಿಮಗೂ ಕೆಡುಕು, ಏಕೆಂದರೆ ಆ ಬೆಳಕು ಹನಿಗಳಿಗೆ ತಾಗಿ ನಿಮ್ಮ ಕಣ್ಣಿಗೇ ಮರಳುತ್ತದೆ.

ಪ್ರಶ್ನೆ: ಬೈಕಿನ ಹ್ಯಾಂಡಲಿಗೆ ಯುಎಸ್‌ಬಿ ಚಾರ್ಜರ್ ಹಾಕಿಕೊಂಡಿದ್ದೇನೆ. ರಜೆಗೆ ಹನ್ನೆರಡು ದಿನ ಊರಿಗೆ ಹೋಗಿ ಬಂದಾಗ ಸೆಲ್ಫ್ ಹಿಡಿಯಲೇ ಇಲ್ಲ. ಬ್ಯಾಟರಿ 8 ಆಂಪಿಯರ್-ಗಂಟೆಯದು, ಹೊಸದು. ಅದು ದೋಷಪೂರಿತವೇ?
– ವಿದ್ಯಾರ್ಥಿ, ಮಣಿಪಾಲ

ಉತ್ತರ: ಬ್ಯಾಟರಿಯನ್ನು ದೂರುವ ಮೊದಲು, ಕೀ ತೆಗೆದ ಮೇಲೂ ಚಾರ್ಜರಿನ ಸಣ್ಣ ದೀಪ ಉರಿಯುತ್ತದೆಯೇ ಎಂದು ನೋಡಿ. ಉರಿಯುತ್ತಿದ್ದರೆ ಅದನ್ನು ನೇರವಾಗಿ ಬ್ಯಾಟರಿಗೆ ಜೋಡಿಸಲಾಗಿದೆ. ಫೋನು ಸಿಕ್ಕಿಸದಿದ್ದರೂ ಅಂಥ ಚಾರ್ಜರ್ 30 ಮಿಲಿಆಂಪಿಯರ್ ಎಳೆಯುತ್ತದೆಂದು ಇಟ್ಟುಕೊಂಡರೆ ದಿನಕ್ಕೆ 0.72 ಆಂಪಿಯರ್-ಗಂಟೆ, ಹನ್ನೆರಡು ದಿನಕ್ಕೆ 8.6. ನಿಮ್ಮ ಬ್ಯಾಟರಿಯಲ್ಲಿದ್ದುದೇ 8. ಕೀ ತೆಗೆದು, ಬ್ಯಾಟರಿಯ ಮೈನಸ್ ಟರ್ಮಿನಲಿಗೂ ಅದರಿಂದ ಬಿಚ್ಚಿದ ವಯರಿಗೂ ನಡುವೆ ಮಲ್ಟಿಮೀಟರನ್ನು ಆಂಪಿಯರ್ ಅಳತೆಯಲ್ಲಿ ಇಟ್ಟರೆ ನಿಜವಾದ ಅಂಕಿ ತಿಳಿಯುತ್ತದೆ. ಮೀಟರ್ ಹಾಗಿರುವಾಗ ಕೀ ತಿರುಗಿಸಿ ಸೆಲ್ಫ್ ಒತ್ತಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. ಚಾರ್ಜರನ್ನು ಮೇಲೆ ಹೇಳಿದ ರಿಲೇಯ ಮೂಲಕ, ಕೀ ಹಾಕಿದಾಗ ಮಾತ್ರ ವಿದ್ಯುತ್ ಸಿಗುವಂತೆ ಜೋಡಿಸಿ. ಪೂರ್ತಿ ಬರಿದಾಗಿದ್ದ ಬ್ಯಾಟರಿಯನ್ನು ಬೈಕು ಓಡಿಸಿ ತುಂಬಿಸಲು ಯತ್ನಿಸದೆ, ಹೊರಗಿನ ಚಾರ್ಜರಿನಲ್ಲಿ ನಿಧಾನವಾಗಿ ಚಾರ್ಜ್ ಮಾಡಿಸಿ.

ಪ್ರಶ್ನೆ: ಹೆದ್ದಾರಿ 66ರಲ್ಲಿ ನನ್ನ ಬೈಕಿನ ಹಾರ್ನ್ ಬಸ್ಸಿನವರಿಗೆ ಕೇಳಿಸುವುದೇ ಇಲ್ಲ. ಎರಡು ಮೂರು ಸ್ವರ ಹೊರಡಿಸುವ ಹಾರ್ನ್ ಹಾಕಬಹುದೇ?
– ಓದುಗರೊಬ್ಬರು, ಕಾಪು

ಉತ್ತರ: ಹಾಕಬಾರದು. ಒಂದಾದ ಮೇಲೊಂದು ಸ್ವರ ಹೊರಡಿಸುವ ಹಾರ್ನುಗಳನ್ನೂ ಕರ್ಕಶ ಹಾರ್ನುಗಳನ್ನೂ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 119ನೇ ನಿಯಮ ನಿಷೇಧಿಸುತ್ತದೆ. ಈಗಿರುವ ಹಾರ್ನಿನ ಎರಡು ಟರ್ಮಿನಲುಗಳನ್ನು ಕಳಚಿ, ಮರಳುಕಾಗದದಿಂದ ಉಜ್ಜಿ, ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಸವರಿ ಮತ್ತೆ ಬಿಗಿಯಾಗಿ ಸಿಕ್ಕಿಸಿ ನೋಡಿ. ಎರಡು ಮಳೆಗಾಲ ಕಂಡ ಬೈಕಿನಲ್ಲಿ ಹಾರ್ನಿನ ದನಿ ಕುಗ್ಗಲು ಬಹಳಷ್ಟು ಬಾರಿ ಅಲ್ಲಿನ ಕಿಲುಬೇ ಕಾರಣವಾಗಿರುತ್ತದೆ.