ಷಾರ್ಲೆಟ್ ಡೋಮ್‌ಗೆ ಎರಡು ದಿನ ಸಾಲದು

ಕ್ಯಾಲಿಫೋರ್ನಿಯಾದ ಸನಿವೇಲ್‌ನ ದಂಪತಿ ಕೇಳಿರುವುದು ಇಷ್ಟು: ಬೆಂಗಳೂರಿನಲ್ಲಿದ್ದಾಗ ರಾಮನಗರ, ಸಾವನದುರ್ಗಗಳಲ್ಲಿ ಐದಾರು ವರ್ಷ ಬಂಡೆ ಹತ್ತಿದ್ದೇವೆ, ಜುಲೈ ಮೊದಲ ವಾರ, ಶನಿವಾರ ಹೊರಟು ಭಾನುವಾರ ಸಂಜೆ ಕಾರಿಗೆ ಮರಳುವಂತೆ ಸಿಯೆರಾ ನೆವಾಡಾ ಪರ್ವತಗಳ ಒಳಗಿರುವ ಷಾರ್ಲೆಟ್ ಡೋಮ್ ಎಂಬ ಬಂಡೆಯನ್ನು ಹತ್ತಿ ಬರಬಹುದೇ? ದರ್ಜೆ 5.8 ಮಾತ್ರ ಅಲ್ಲವೇ ಎಂದೂ ಸೇರಿಸಿದ್ದಾರೆ (ಹಗ್ಗ ಕಟ್ಟಿ ಹತ್ತುವ ದಾರಿಯ ಕಷ್ಟಕ್ಕೆ ಅಮೆರಿಕದಲ್ಲಿ ಕೊಡುವ ಅಂಕಿ ಇದು, 5.8 ಎಂದರೆ ಮಧ್ಯಮ).

ನೇರವಾಗಿ ಹೇಳಿಬಿಡುತ್ತೇನೆ, ಬೇಡ. ನಾಲ್ಕು ದಿನ ರಜೆ ಸಿಕ್ಕರೆ ಹೋಗಿ. ಸಿಗದಿದ್ದರೆ ಈ ವರ್ಷ ಯೊಸೆಮಿಟಿ ಉದ್ಯಾನದ ಟುವಾಲಮಿಯಲ್ಲಿ ರಸ್ತೆ ಪಕ್ಕದ ಬಂಡೆಗಳನ್ನು ಹತ್ತಿ, ಮುಂದಿನ ವರ್ಷ ಇದಕ್ಕೆ ಬನ್ನಿ. ಕಾರಿನಿಂದ ಹೊರಟು ಅದೇ ದಿನ ಕಾರಿಗೆ ಮರಳುವವರೂ ಇದ್ದಾರೆ, ಆದರೆ ಅವರ ತೊಡೆಗಳೇ ಬೇರೆ, ಅವರ ಲೆಕ್ಕವನ್ನು ನಾವು ಹಾಕಿಕೊಳ್ಳಬಾರದು. ನಾನು ಆ ಕಡೆ ಮೂರು ಸಲ ಹೋಗಿದ್ದೇನೆ, ತುದಿ ಮುಟ್ಟಿದ್ದು ಮೂರನೆಯ ಸಲ. ಮೊದಲ ಸಲ ಬೆನ್ನ ಮೇಲಿನ ಹೊರೆ ಸೋಲಿಸಿತು, ಎರಡನೆಯ ಸಲ ಮಧ್ಯಾಹ್ನದ ಮೋಡ. ಬಂಡೆ ಒಮ್ಮೆಯೂ ಸೋಲಿಸಲಿಲ್ಲ. ಅದಕ್ಕೇ ನಿಮ್ಮ 5.8ರ ಮಾತಿಗೆ ಇಷ್ಟು ಉದ್ದ ಬರೆಯುತ್ತಿದ್ದೇನೆ.

ದಾರಿಯನ್ನು ಮೊದಲು ಮನಸ್ಸಿನಲ್ಲಿ ಹಾಕಿಕೊಳ್ಳಿ. ಹೆದ್ದಾರಿ 395ರಲ್ಲಿರುವ ಇಂಡಿಪೆಂಡೆನ್ಸ್ ಎಂಬ ಪುಟ್ಟ ಊರು ಸಮುದ್ರಮಟ್ಟದಿಂದ 1,200 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಸುಮಾರು 20 ಕಿಲೋಮೀಟರ್ ಸುತ್ತು ರಸ್ತೆ ಹತ್ತಿದರೆ ಆನಿಯನ್ ವ್ಯಾಲಿ, 2,800 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್ ಎಂದು ನೆನಪಿಸಿಕೊಂಡರೆ, ಕಾರಿನ ಬಾಗಿಲು ತೆರೆದ ಜಾಗವೇ ಎಷ್ಟು ಮೇಲಿದೆ ಎಂದು ತಿಳಿಯುತ್ತದೆ. ಅಲ್ಲಿಂದ ಕಿಯರ್‌ಸಾರ್ಜ್ ಕಣಿವೆದಾರಿಯ ನೆತ್ತಿಗೆ ಏಳೂವರೆ ಕಿಲೋಮೀಟರ್ ನಡಿಗೆ, 800 ಮೀಟರ್ ಏರು. ನೆತ್ತಿ ಸುಮಾರು 3,600 ಮೀಟರ್‌ನಲ್ಲಿದೆ. ಆಚೆ ಬದಿಗೆ ಇಳಿದು, ಬುಲ್‌ಫ್ರಾಗ್ ಸರೋವರವನ್ನು ಬಳಸಿಕೊಂಡು, ಜಾನ್ ಮ್ಯೂರ್ ಹಾದಿಯನ್ನು ದಾಟಿದರೆ ಷಾರ್ಲೆಟ್ ಸರೋವರ. ಅಲ್ಲಿಗೆ ಒಟ್ಟು 13 ಕಿಲೋಮೀಟರ್. ಸರೋವರದ ಆಚೆಗೆ ದಾರಿಯನ್ನು ಯಾರೂ ಸರಿಮಾಡುವುದಿಲ್ಲ, ಷಾರ್ಲೆಟ್ ತೊರೆಯ ಜೊತೆಗೇ ಮಸುಕಾದ ಕಾಲುಹಾದಿ ಹಿಡಿದು ಇನ್ನೂ ಐದಾರು ಕಿಲೋಮೀಟರ್ ಇಳಿಯಬೇಕು. ಇಳಿಜಾರು ಎಂದು ಖುಷಿಪಡಬೇಡಿ. ಮರಳುವಾಗ ಬಂಡೆ ಹತ್ತಿ ಸೋತ ಕಾಲಿನಲ್ಲಿ ಅದಷ್ಟನ್ನೂ ಏರಿ, ಮತ್ತೆ ಆ ನೆತ್ತಿಯನ್ನೂ ದಾಟಬೇಕು.

ನನ್ನ ಮೊದಲ ಪ್ರಯತ್ನವೂ ನಿಮ್ಮಂತೆ ಎರಡು ದಿನದ್ದು. ಊರಿನಲ್ಲಿ ಮಂಚನಬೆಲೆ ರಸ್ತೆಯಲ್ಲಿ ಬೈಕ್ ನಿಲ್ಲಿಸಿ ಸ್ವಲ್ಪ ನಡೆದರೆ ಬಂಡೆಯ ಬುಡ ಸಿಗುತ್ತಿತ್ತು. ಹಗ್ಗದ ತೂಕ ಎಷ್ಟೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಇಲ್ಲಿ ತೂಗಿ ನೋಡಿದೆ. 60 ಮೀಟರ್ ಉದ್ದದ, 9.5 ಮಿಲಿಮೀಟರ್ ದಪ್ಪದ ಹಗ್ಗ ಮೂರೂವರೆ ಕಿಲೋಗಿಂತ ತುಸು ಹೆಚ್ಚು. ಬಿರುಕಿನಲ್ಲಿ ಸಿಕ್ಕಿಸುವ ಕ್ಯಾಮ್ ಮತ್ತು ನಟ್, ಪಟ್ಟಿಯ ಕುಣಿಕೆಯಾದ ಸ್ಲಿಂಗ್, ಕೊಂಡಿಯಾದ ಕ್ಯಾರಾಬೈನರ್ ಎಲ್ಲ ಸೇರಿ ಇನ್ನು ಮೂರು ಕಿಲೋ. ಹಗ್ಗ ಕಟ್ಟಿಕೊಳ್ಳುವ ಸೊಂಟಪಟ್ಟಿ ಹಾರ್ನೆಸ್, ಶೂ, ಹೆಲ್ಮೆಟ್ ಬೇರೆ. ಕರಡಿಗೆ ತೆರೆಯಲಾಗದ ಊಟದ ಡಬ್ಬಿ, ಅಂದರೆ ಕರಡಿ ಡಬ್ಬಿ, ಖಾಲಿಯೇ ಒಂದು ಕಿಲೋ ಚಿಲ್ಲರೆ. ಡೇರೆ, ಚಳಿಚೀಲ, ಊಟ, ನೀರು ಸೇರಿ ನನ್ನ ಬೆನ್ನ ಮೇಲೆ 22 ಕಿಲೋ ಕೂತಿತ್ತು. ನೆತ್ತಿಗೆ ಹತ್ತುವ ಕೊನೆಯ ತಿರುವುಗಳಲ್ಲಿ ಇಪ್ಪತ್ತು ಹೆಜ್ಜೆಗೊಮ್ಮೆ ಕೋಲಿನ ಮೇಲೆ ಹಣೆ ಇಟ್ಟು ನಿಲ್ಲುತ್ತಿದ್ದೆ. ಎಂಟು ಹತ್ತು ವರ್ಷದ ಮಗುವೊಂದು ಅಪ್ಪನ ಜೊತೆ ಕುಣಿಯುತ್ತಾ ನನ್ನನ್ನು ದಾಟಿ ಹೋಯಿತು. ಸರೋವರ ಮುಟ್ಟಿದಾಗ ಕತ್ತಲಾಗಿತ್ತು, ತಲೆ ಸಿಡಿಯುತ್ತಿತ್ತು. ಬೆಳಿಗ್ಗೆ ಕಾಲುಹಾದಿಯಲ್ಲಿ ಸ್ವಲ್ಪ ಇಳಿದು ಡೋಮ್ ಅನ್ನು ದೂರದಿಂದ ನೋಡಿದೆವು. ಬಿಸಿಲಿಗೆ ಬೆಳ್ಳಗೆ, ತಪ್ಪಲಿನ ಕಾಡಿನಿಂದ ಎದ್ದು ನಿಂತ ಬೋಳುಗಲ್ಲು. ನೋಡಿ, ಉಪ್ಪಿಟ್ಟು ತಿಂದು, ವಾಪಸ್ ಹೊರಟೆವು.

ಹಾಗಾಗಿ ಈಗಿನಿಂದಲೇ ಹೊರೆಯ ಅಭ್ಯಾಸ ಮಾಡಿ. ನಿಮಗೆ ಮಿಷನ್ ಪೀಕ್ ಹತ್ತಿರವಿದೆ, 600 ಮೀಟರ್‌ಗೂ ಹೆಚ್ಚಿನ ಏರು. ಬೆನ್ನುಚೀಲದಲ್ಲಿ ನೀರಿನ ಕ್ಯಾನ್ ತುಂಬಿಕೊಂಡು ವಾರಕ್ಕೊಮ್ಮೆ ಹತ್ತಿ, ಮೇಲೆ ನೀರು ಚೆಲ್ಲಿ ಖಾಲಿ ಚೀಲದಲ್ಲಿ ಇಳಿಯಿರಿ. ಮಂಡಿ ಉಳಿಯುತ್ತದೆ. ಇಬ್ಬರೂ ಸಾಮಾನು ಹಂಚಿಕೊಂಡು ತಲಾ 16 ಕಿಲೋ ದಾಟದಂತೆ ನೋಡಿಕೊಳ್ಳಿ. ಕ್ಯಾಮ್‌ಗಳ ಎರಡೆರಡು ಸೆಟ್ ಬೇಡ, ಒಂದು ಸೆಟ್ ಮತ್ತು ಒಂದು ಗೊಂಚಲು ನಟ್ ಸಾಕು. ಉದ್ದ ಸ್ಲಿಂಗ್‌ಗಳನ್ನು ಮಾತ್ರ ಧಾರಾಳವಾಗಿ ಒಯ್ಯಿರಿ, ಯಾಕೆಂದು ಮುಂದೆ ಹೇಳುತ್ತೇನೆ.

ನಾಲ್ಕು ದಿನವನ್ನು ನಾನು ಹೀಗೆ ಹಂಚುತ್ತೇನೆ. ಹಿಂದಿನ ರಾತ್ರಿ ಕೆಳಗೆ ಇಂಡಿಪೆಂಡೆನ್ಸ್‌ನ ಹೋಟೆಲಿನಲ್ಲಿ ಮಲಗದೆ ಆನಿಯನ್ ವ್ಯಾಲಿಯ ಡೇರೆ ಮೈದಾನದಲ್ಲೇ ಮಲಗಿ, ಉಸಿರು ಎತ್ತರಕ್ಕೆ ಹೊಂದಿಕೊಳ್ಳಲಿ. ಮೊದಲ ದಿನ ಷಾರ್ಲೆಟ್ ಸರೋವರ. ಎರಡನೆಯ ದಿನ ನಿಧಾನವಾಗಿ ತೊರೆಯ ಗುಂಟ ಇಳಿದು ಬಂಡೆಯ ಕೆಳಗೆ ಡೇರೆ ಹಾಕಿ, ಬೆಳಕಿರುವಾಗಲೇ ಹೋಗಿ ಹತ್ತುವ ಜಾಗದ ಬುಡ ನೋಡಿ ಬನ್ನಿ. ಕತ್ತಲಲ್ಲಿ ಪೊದೆಗಳ ನಡುವೆ ಬುಡ ಹುಡುಕುತ್ತಾ ಒಂದು ಗಂಟೆ ಕಳೆದುಕೊಂಡವರು ಕಡಿಮೆಯಿಲ್ಲ. ಮೂರನೆಯ ದಿನ ಹತ್ತುವುದು, ನಾಲ್ಕನೆಯ ದಿನ ಮನೆ.

ಇನ್ನು ಬಂಡೆ. ದಕ್ಷಿಣ ಮುಖವನ್ನು ಮೊದಲು ಹತ್ತಿದವರು ಫ್ರೆಡ್ ಬೆಕಿ, ಗೇಲನ್ ರೋವೆಲ್, ಕ್ರಿಸ್ ಜೋನ್ಸ್, 1970ರಲ್ಲಿ. ಹತ್ತು ಹನ್ನೆರಡು ಪಿಚ್ ಆಗುತ್ತದೆ, ಪಿಚ್ ಎಂದರೆ ಒಂದು ಹಗ್ಗದ ಉದ್ದದೊಳಗೆ ಹತ್ತುವ ಒಂದು ಹಂತ. ಸಾವನದುರ್ಗದಲ್ಲಿ ಪಳಗಿದ ಪಾದ ಇಲ್ಲಿ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಎರಡೂ ನೆಲದಾಳದಲ್ಲಿ ತಣಿದ ಗ್ರಾನೈಟ್ ಜಾತಿಯ ಕಲ್ಲು, ಮೇಲಿನ ಭಾರ ಸವೆದುಹೋದಂತೆ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಬಿಟ್ಟುಕೊಂಡು ದುಂಡಗಾದದ್ದು. ವಯಸ್ಸಿನಲ್ಲಿ ಮಾತ್ರ ಅಜ್ಜ ಮೊಮ್ಮಗನ ಅಂತರಕ್ಕಿಂತ ಹೆಚ್ಚು, ನಮ್ಮದು ಸುಮಾರು 250 ಕೋಟಿ ವರ್ಷದ್ದು, ಸಿಯೆರಾದ ಗ್ರಾನೈಟ್ ಹೆಚ್ಚಿನದು 10 ಕೋಟಿ ವರ್ಷದ ಆಸುಪಾಸಿನದು. (ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ. ಭೂವಿಜ್ಞಾನಿಗಳು ನಮ್ಮ ಕಲ್ಲನ್ನು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಇಲ್ಲಿನ ಹತ್ತುಗರಿಗೆ ಇದನ್ನು ಹೇಳಲು ನನಗೆ ಬಹಳ ಇಷ್ಟ.)

ವ್ಯತ್ಯಾಸ ಗೊತ್ತಾಗುವುದು ಮೇಲಿನ ಪಿಚ್‌ಗಳಲ್ಲಿ. ನುಣುಪು ಗೋಡೆಯ ತುಂಬ ಗುಬುಟುಗಳು. ಕೆಲವು ಬಾಗಿಲ ಹಿಡಿಯಷ್ಟು, ಕೆಲವು ತೆಂಗಿನ ಚಿಪ್ಪಿನಷ್ಟು, ಅಲ್ಲೊಂದು ಇಲ್ಲೊಂದು ಊಟದ ತಟ್ಟೆಯ ಹಾಗೆ ಅಂಚು ಚಾಚಿಕೊಂಡದ್ದು. ಸಾವನದುರ್ಗದಲ್ಲಿ ಅಂಗೈ ಒತ್ತಿ, ಹಿಮ್ಮಡಿ ಇಳಿಸಿ, ಏನೂ ಇಲ್ಲದ ಕಲ್ಲನ್ನು ನಂಬಿ ನಿಂತವರಿಗೆ ಇಲ್ಲಿ ಬೆರಳಿಗೆ ಒಂದೊಂದು ಗುಬುಟು ಸಿಕ್ಕಾಗ ಹಬ್ಬ. ಆದರೆ ದಾರಿಯಲ್ಲಿ ಹಗ್ಗ ಸಿಕ್ಕಿಸಲು ಕಲ್ಲಿಗೆ ಕೊರೆದು ಕೂರಿಸಿದ ಬೋಲ್ಟ್‌ಗಳ ಸಾಲು ಇರುವುದಿಲ್ಲ, ಬಿರುಕೂ ಎಲ್ಲ ಕಡೆ ಸಿಗುವುದಿಲ್ಲ. ಆಗ ಗುಬುಟಿನ ಕುತ್ತಿಗೆಗೆ ಸ್ಲಿಂಗ್ ಸುತ್ತಿ ಬಿಗಿಯುವುದೇ ರಕ್ಷಣೆ. ಬಿಗಿಯುವ ಮೊದಲು ಅಂಗೈಯಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಅದನ್ನು ಬಿಟ್ಟು ಪಕ್ಕದ್ದಕ್ಕೆ ಹೋಗಿ. ಬಿರುಕಿನಲ್ಲಿ ನಟ್ ಕೂರಿಸುವುದು ನಿಮಗೆ ರೂಢಿಯಿಲ್ಲದಿದ್ದರೆ ಅದನ್ನು ಷಾರ್ಲೆಟ್ ಡೋಮ್‌ನಲ್ಲಿ ಕಲಿಯಲು ಹೋಗಬೇಡಿ.

ಅದಕ್ಕೇ ಮೊದಲು ಟುವಾಲಮಿ ಎಂದೆ. ಟೆನಾಯಾ ಸರೋವರದ ದಂಡೆಯ ಸ್ಟೇಟ್ಲಿ ಪ್ಲೆಷರ್ ಡೋಮ್‌ನಲ್ಲಿ ಗ್ರೇಟ್ ವೈಟ್ ಬುಕ್ ಎಂಬ ದಾರಿ ಇದೆ, ದರ್ಜೆ 5.6. ರಸ್ತೆಯಿಂದ ಕೂಗಳತೆ. ಅಲ್ಲಿ ನಮ್ಮ ಊರಿನಲ್ಲಿ ಇಲ್ಲದ ಒಂದು ವಸ್ತು ಕಲಿಯಲು ಸಿಗುತ್ತದೆ: ಹಿಮನದಿ ಉಜ್ಜಿ ಹೊಳಪು ಕೊಟ್ಟ ಕಲ್ಲು. ದೂರದಿಂದ ಒದ್ದೆಯಾದಂತೆ ಹೊಳೆಯುತ್ತದೆ, ಹತ್ತಿರ ಹೋದರೆ ಒಣಗಿಯೇ ಇರುತ್ತದೆ, ಕಾಲಿಟ್ಟರೆ ಎಣ್ಣೆ ಬಿದ್ದ ಮೊಸಾಯಿಕ್ ನೆಲ. ಅದು ಹಿಡಿತಕ್ಕೆ ಬಂದಮೇಲೆ ಫೇರ್‌ವ್ಯೂ ಡೋಮ್‌ನ 5.9 ದಾರಿಯನ್ನು ಮಧ್ಯಾಹ್ನದೊಳಗೆ ಮುಗಿಸಲು ಸಾಧ್ಯವಾದರೆ ಷಾರ್ಲೆಟ್‌ಗೆ ನೀವು ಸಿದ್ಧ.

ಮಧ್ಯಾಹ್ನ ಎಂದದ್ದು ಸುಮ್ಮನೆ ಅಲ್ಲ. ನನ್ನ ಎರಡನೆಯ ಪ್ರಯತ್ನದಲ್ಲಿ ಬೆಳಿಗ್ಗೆ ಎಂಟೂವರೆಗೆ ಹತ್ತಲು ಶುರುಮಾಡಿದೆವು, ಕಾಫಿ ಕುಡಿಯುತ್ತಾ ಕೂತದ್ದು ತಪ್ಪು. ಹನ್ನೊಂದರ ಹೊತ್ತಿಗೆ ಹತ್ತಿಯ ಉಂಡೆಯಂಥ ಮೋಡಗಳು, ಹನ್ನೆರಡೂವರೆಗೆ ಅವುಗಳ ಹೊಟ್ಟೆ ಕಪ್ಪು, ಒಂದು ಗಂಟೆಗೆ ಗುಡುಗು. ನಾಲ್ಕನೆಯ ಪಿಚ್ ಮುಗಿಸಿದ್ದೆವು. ಒಂದೇ ಹಗ್ಗವಿದ್ದರೆ ಮಡಚಿ ಇಳಿಯುವಾಗ 30 ಮೀಟರ್ ಮಾತ್ರ ಸಿಗುತ್ತದೆ. ಐದು ಸಲ ಆಧಾರ ಕಟ್ಟಿ, ಪ್ರತಿ ಸಲವೂ ನಟ್ ಸ್ಲಿಂಗ್ ಅಲ್ಲೇ ಬಿಟ್ಟು, ಆಲಿಕಲ್ಲಿನಲ್ಲಿ ನೆನೆದು ನೆಲ ಮುಟ್ಟಿದೆವು. ಜುಲೈ, ಆಗಸ್ಟ್‌ನಲ್ಲಿ ಅಲ್ಲಿ ಇದು ಅಪರೂಪವೇನಲ್ಲ. ಮೊದಲ ಬೆಳಕಿಗೆ ಹಗ್ಗ ಕಟ್ಟಿಕೊಂಡಿರಬೇಕು. ಹಗುರವಾದ, 6 ಮಿಲಿಮೀಟರ್‌ನ ಎರಡನೆಯ ಹಗ್ಗ ಒಯ್ದರೆ ಒಮ್ಮೆಗೆ ಇಳಿಯುವ ದೂರ ಇಮ್ಮಡಿಯಾಗುತ್ತದೆ. ಅದರಲ್ಲಿ ಇಳಿಯುವ ಕ್ರಮವನ್ನು ಮೊದಲೇ ಅಭ್ಯಾಸ ಮಾಡಿಕೊಳ್ಳಿ. ತುದಿ ಮುಟ್ಟಿದವರು ಹಿಂಬದಿಯಿಂದ ನಡೆದು, ಕೆಲವು ಕಡೆ ಕೈಯೂರಿ, ಇಳಿದು ಬರಬಹುದು.

ನನ್ನನ್ನು ಕೇಳಿದರೆ ಜುಲೈಗಿಂತ ಸೆಪ್ಟೆಂಬರ್ ಮೊದಲ ಅರ್ಧ ಒಳ್ಳೆಯದು. ಜುಲೈ ಆರಂಭದಲ್ಲಿ ಹಿಮ ಹೆಚ್ಚು ಬಿದ್ದ ವರ್ಷ ನೆತ್ತಿಯ ಬಳಿ ಇನ್ನೂ ಹಿಮವಿರುತ್ತದೆ, ತೊರೆಯ ಬಳಿ ಸೊಳ್ಳೆಯ ಹಿಂಡು ಇರುತ್ತದೆ. ಸೆಪ್ಟೆಂಬರಿನಲ್ಲಿ ಹಗಲು ಗಿಡ್ಡ, ರಾತ್ರಿ ಚಳಿ, ಆದರೆ ಗುಡುಗು ಕಡಿಮೆ.

ಪರವಾನಗಿ ಇಲ್ಲದೆ ರಾತ್ರಿ ತಂಗುವಂತಿಲ್ಲ. ಅಂತರ್ಜಾಲದಲ್ಲಿ ಒಂದು ಪಾಲು ಆರು ತಿಂಗಳು ಮೊದಲು, ಉಳಿದದ್ದು ಎರಡು ವಾರ ಮೊದಲು ಬಿಡುತ್ತಾರೆ. ರಜಾದಿನದ ವಾರಾಂತ್ಯ ಬಲುಬೇಗ ತುಂಬಿಹೋಗುತ್ತದೆ. ಬುಲ್‌ಫ್ರಾಗ್ ದಂಡೆಯಲ್ಲಿ ಡೇರೆ ಹಾಕುವಂತಿಲ್ಲ, ಸರೋವರದ ಎತ್ತರದಲ್ಲಿ ಕಟ್ಟಿಗೆ ಬೆಂಕಿಯೂ ಇಲ್ಲ, ಗ್ಯಾಸ್ ಒಲೆಯೇ ಗತಿ. ಮೊಬೈಲ್ ಸಿಗ್ನಲ್ ನಂಬಬೇಡಿ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಒಯ್ಯಿರಿ, ಹೇಗೆ ಬಳಸುವುದೆಂದು ಇಬ್ಬರಿಗೂ ಗೊತ್ತಿರಲಿ.

ಊಟದ ಬಗ್ಗೆ ಮನೆಯವರು ಕೇಳಿದ್ದಾರೆ. ಕರಡಿ ಡಬ್ಬಿ ಆ ದಾರಿಯಲ್ಲಿ ಕಡ್ಡಾಯ, ಹಾಗಾಗಿ ಎಲ್ಲ ಲೆಕ್ಕವೂ ಡಬ್ಬಿಯೊಳಗಿನ ಜಾಗದ್ದು. ಕೋಡುಬಳೆ, ಚಕ್ಕುಲಿ ಜಾಗ ತಿನ್ನುತ್ತವೆ, ಎರಡನೆಯ ದಿನಕ್ಕೆ ಪುಡಿಯಾಗಿರುತ್ತವೆ. ತೆಳು ಅವಲಕ್ಕಿಯನ್ನು ಪುಡಿಮಾಡಿ ಗೊಜ್ಜಿನ ಪುಡಿ ಬೆರೆಸಿ ಒತ್ತಿ ತುಂಬಿ, ತಣ್ಣೀರಿನಲ್ಲೇ ನೆನೆಯುತ್ತದೆ, ಗ್ಯಾಸ್ ಉಳಿಯುತ್ತದೆ. ಚಪಾತಿಯನ್ನು ಡಬ್ಬಿಯ ಒಳಗೋಡೆಗೆ ಸುರುಳಿಯಾಗಿ ಸುತ್ತಿಡಿ. ಶೇಂಗಾ ಚಟ್ನಿಪುಡಿ ಮರೆಯಬೇಡಿ. ಟೂತ್‌ಪೇಸ್ಟ್, ಕೊಬ್ಬರಿ ಎಣ್ಣೆ, ಅಮೃತಾಂಜನ ಕೂಡ ಡಬ್ಬಿಯೊಳಗೇ ಹೋಗಬೇಕು, ವಾಸನೆ ಬರುವುದೆಲ್ಲ ಕರಡಿಗೆ ತಿಂಡಿಯೇ. ಕಾರಿನಲ್ಲೂ ಒಂದು ಬಿಸ್ಕತ್ತಿನ ಚೂರು ಬಿಡದೆ ಅಲ್ಲಿರುವ ಕಬ್ಬಿಣದ ಪೆಟ್ಟಿಗೆಯಲ್ಲಿಡಿ.

ಕರಡಿಗಿಂತ ನನಗೆ ಕಾಟ ಕೊಟ್ಟದ್ದು ಮಾರ್ಮಟ್. ನಮ್ಮ ಅಳಿಲಿನ ದಪ್ಪ ದೊಡ್ಡಪ್ಪನಂತೆ ಇರುತ್ತದೆ, ಉಪ್ಪೆಂದರೆ ಪ್ರಾಣ. ಮೂರನೆಯ ಸಲ ತುದಿ ಮುಟ್ಟಿ ಬೀಗುತ್ತಾ ಬುಡಕ್ಕೆ ಮರಳಿದರೆ, ಬಿಟ್ಟುಹೋದ ಚೀಲದ ಭುಜಪಟ್ಟಿ ಅರ್ಧ ಮಾಯ, ಕೋಲಿನ ಹಿಡಿಕೆ ಪಟ್ಟಿ ಪೂರ್ತಿ ಮಾಯ. ಬೆವರು ಹಿಡಿದ ಭಾಗವನ್ನು ಮಾತ್ರ ಆರಿಸಿ ಅಚ್ಚುಕಟ್ಟಾಗಿ ಕತ್ತರಿಸಿತ್ತು. 20 ಕಿಲೋಮೀಟರ್ ಒಂದೇ ಭುಜದಲ್ಲಿ ಹೊತ್ತು ಬಂದೆ. ಹಿಂದಿನ ರಾತ್ರಿ ಅದಕ್ಕೆ ಹಾರ್ನೆಸ್ ಸಿಕ್ಕಿದ್ದರೆ ಬಂಡೆ ಹತ್ತುವ ಮಾತೇ ಇರುತ್ತಿರಲಿಲ್ಲ. ಹಾರ್ನೆಸ್, ಹಗ್ಗಗಳನ್ನು ಡೇರೆಯೊಳಗೆ ಇಟ್ಟುಕೊಂಡು ಮಲಗಿ, ಚೀಲವನ್ನು ಮರಕ್ಕೆ ತೂಗುಹಾಕಿ.

ನನ್ನ ಬಳಿ ಹೆಚ್ಚುವರಿ ಕರಡಿ ಡಬ್ಬಿ ಒಂದಿದೆ, ಕಪ್ಪು ಬಣ್ಣದ ಹಳೆಯ ಮಾದರಿ. ದಿನಾಂಕ ಗಟ್ಟಿಯಾದ ಮೇಲೆ ಹೇಳಿ, ಕೊಡುತ್ತೇನೆ. ಅದರ ಮುಚ್ಚಳ ತಿರುಗಿಸಲು ನಾಣ್ಯ ಬೇಕು. ಚೀಲದಲ್ಲಿ ಒಂದು ಇಟ್ಟುಕೊಂಡೇ ಹೊರಡಿ, ನಾನು ಒಮ್ಮೆ ಮರೆತು ಅವಲಕ್ಕಿಯನ್ನು ಮುಂದಿಟ್ಟುಕೊಂಡು ಹಸಿದು ಕೂತಿದ್ದೆ, ಕೊನೆಗೆ ಪಕ್ಕದ ಡೇರೆಯವರು 25 ಸೆಂಟು ಕೊಟ್ಟರು.