ತಪ್ಪು ಹುಡುಗರದೋ, ಸಾಮಾನಿನದೋ?

ಪತ್ರ: “ಗಂಗಾವತಿಯಲ್ಲಿ ನಮ್ಮದೊಂದು ಫ್ಯಾಬ್ರಿಕೇಷನ್ ವರ್ಕ್‌ಶಾಪ್ ಇದೆ, ಕಬ್ಬಿಣದ ವೆಲ್ಡಿಂಗ್ ಕೆಲಸ. ರೈಸ್‌ಮಿಲ್ ಎಲಿವೇಟರ್, ಟ್ರ್ಯಾಕ್ಟರ್ ಟ್ರೇಲರ್, ಕಿಟಕಿ ಗ್ರಿಲ್ ಮಾಡುತ್ತೇವೆ. ಹುಡುಗರಿಗೆ ಮುಖಕ್ಕೆ ಅಡ್ಡ ಹಿಡಿಯುವ ಶೀಲ್ಡ್, ಗ್ಲೌಸ್, ಚರ್ಮದ ಏಪ್ರನ್ ಕೊಡಿಸಿದ್ದೇನೆ. ಎಲ್ಲಾ ಮೊಳೆಗೆ ತೂಗುತ್ತಿವೆ. ಕೂಲಿಂಗ್ ಗ್ಲಾಸ್ ಹಾಕಿಕೊಂಡು ಟ್ಯಾಕ್ (ಹಿಡಿತಕ್ಕೆ ಹಾಕುವ ಚಿಕ್ಕ ಬೆಸುಗೆ) ಹೊಡೆಯುತ್ತಾರೆ, ರಾತ್ರಿ ಕಣ್ಣು ಉರಿ ಅಂತ ಒದ್ದಾಡುತ್ತಾರೆ, ಮರುದಿನ ರಜೆ. ಇವರಿಗೆ ಬುದ್ಧಿ ಬರುವಂತೆ ನಾಲ್ಕು ಮಾತು ಬರೆಯಿರಿ.” – ಓದುಗರೊಬ್ಬರು, ಗಂಗಾವತಿ

ಉತ್ತರ: ಕೈಯಿಂದ ದುಡ್ಡು ಹಾಕಿ ಸಾಮಾನು ಕೊಡಿಸಿದ್ದೀರಿ; ಅಷ್ಟೂ ಮಾಡದ ಮಾಲೀಕರು ಬಹಳ ಜನ ಇದ್ದಾರೆ. ಕೂಲಿಂಗ್ ಗ್ಲಾಸಿನಲ್ಲಿ ಆರ್ಕ್, ಅಂದರೆ ವೆಲ್ಡಿಂಗಿನ ಕಣ್ಣು ಕುಕ್ಕುವ ವಿದ್ಯುತ್ ಬೆಳಕು, ನೋಡುವುದು ತಪ್ಪೆಂಬುದೂ ಸರಿ. ಆದರೆ ಹುಡುಗರಿಗೆ ಬುದ್ಧಿ ಹೇಳಲು ನನ್ನ ಮನಸ್ಸು ಒಪ್ಪುತ್ತಿಲ್ಲ. ಮೊದಲು ಆ ಸಾಮಾನನ್ನೇ ನೋಡೋಣ.

ನಿಮ್ಮದು ಕೈಯಲ್ಲಿ ಹಿಡಿಯುವ ಶೀಲ್ಡ್ ಇರಬೇಕು. ಒಂದು ಕೈಯಲ್ಲಿ ವೆಲ್ಡಿಂಗ್ ರಾಡ್ ಕಚ್ಚಿದ ಹೋಲ್ಡರ್, ಇನ್ನೊಂದರಲ್ಲಿ ಶೀಲ್ಡ್. ಹಾಗಾದರೆ ಗ್ರಿಲ್ಲಿನ ಪಟ್ಟಿಯನ್ನು ಮೂಲೆಮಟ್ಟಕ್ಕೆ ಹಿಡಿಯುವವರು ಯಾರು? ಹುಡುಗ ಶೀಲ್ಡ್ ಬಿಟ್ಟು ಪಟ್ಟಿ ಹಿಡಿಯುತ್ತಾನೆ. ಅದನ್ನು ಅಸಡ್ಡೆ ಎನ್ನಬೇಡಿ, ಅವನಿಗಿರುವುದು ಎರಡೇ ಕೈ. ತಲೆಗೆ ಹಾಕುವ ಆಟೋ ಡಾರ್ಕನಿಂಗ್ ಹೆಲ್ಮೆಟ್ ಕೊಡಿಸಿ. ಆರ್ಕ್ ಹತ್ತಿದ ಕೂಡಲೇ ಅದರ ಗಾಜು ತಾನೇ ಕಪ್ಪಾಗುತ್ತದೆ, ಕಪ್ಪಾಗುವ ಮೊದಲೂ ನೇರಳಾತೀತ ಕಿರಣ ತಡೆಯುತ್ತದೆ. 2.5 ಅಥವಾ 3.15 ಎಂಎಂ ರಾಡಿಗೆ, 60ರಿಂದ 130 ಆಂಪಿಯರ್ ಒಳಗೆ, ಶೇಡ್ (ಗಾಜಿನ ಕಪ್ಪಿನ ನಂಬರು) 10 ಸರಿಹೋಗುತ್ತದೆ. 160 ದಾಟಿದರೆ 11, 12 ಬೇಕು. ಬೇಕಾದ್ದಕ್ಕಿಂತ ಕಪ್ಪು ಗಾಜು ಹಾಕಿಕೊಟ್ಟರೆ ಜಾಯಿಂಟ್ ಕಾಣದೆ ಹುಡುಗ ಮತ್ತೆ ಮತ್ತೆ ಎತ್ತಿ ನೋಡುತ್ತಾನೆ. ಕಪ್ಪು ಗಾಜನ್ನು ಕಾಯಲು ಅದರ ಮುಂದೆ ಹಾಕಿದ ಬಿಳಿ ಗಾಜು ಕಿಡಿ ಬಿದ್ದು ಮಬ್ಬಾದಾಗಲೂ ಇದೇ ಕಥೆ. ಡಜನ್ ಬಿಳಿ ಗಾಜು ತಂದಿಡಲು ಏನು ಮಹಾ ಖರ್ಚು?

ರಾತ್ರಿಯ ಉರಿಗೂ ಕಾರಣವಿದೆ. ಕಿರಣ ಬಡಿದ ಆರರಿಂದ ಹನ್ನೆರಡು ತಾಸಿನ ಮೇಲೆ ಕಣ್ಣಲ್ಲಿ ಮರಳು ಸುರಿದಂತಾಗುತ್ತದೆ. ಕಣ್ಣಿನ ಮೇಲ್ಪದರ ಸುಟ್ಟಿರುತ್ತದೆ. ಸಾಮಾನ್ಯವಾಗಿ ಒಂದೆರಡು ದಿನಕ್ಕೆ ಮಾಯುತ್ತದೆ. ಕಣ್ಣಿಗೆ ಎದೆಹಾಲು, ಆಲೂಗಡ್ಡೆ ಹೋಳು ಬೇಡ, ಸೋಂಕಾದೀತು. ಉಜ್ಜದೆ, ತಣ್ಣೀರ ಬಟ್ಟೆಯಿಟ್ಟು ಕತ್ತಲಲ್ಲಿ ಮಲಗಿಸಿ ಕಣ್ಣಿನ ಡಾಕ್ಟರಿಗೆ ತೋರಿಸಿ. ಮರಗಟ್ಟಿಸುವ ಡ್ರಾಪ್ಸ್ ತಂದು ಪದೇ ಪದೇ ಹಾಕಿದರೆ ಗಾಯ ಮಾಯುವುದೇ ತಡವಾಗುತ್ತದೆ. ಪಕ್ಕದಲ್ಲಿ ಪೈಪ್ ಹಿಡಿದು ನಿಂತ ಹೆಲ್ಪರ್ ಕಣ್ಣಿಗೂ ಅಷ್ಟೇ ಪೆಟ್ಟು, ಅವನಿಗೆ ಏನು ಕೊಡಿಸಿದ್ದೀರಿ?

ಇನ್ನು ಏಪ್ರನ್. ನಮ್ಮ ಕಡೆ ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ದಾಟುತ್ತದೆ, ಮೇಲೆ ತಗಡಿನ ಶೆಡ್ಡು. ಟೇಬಲ್ ಮೇಲಿನ ಸಣ್ಣ ಕೆಲಸಕ್ಕೆ ತುಂಬುತೋಳಿನ ದಪ್ಪ ಕಾಟನ್ ಅಂಗಿ, ಚರ್ಮದ ತೋಳುಚೀಲ, ಬೂಟು ಸಾಕು. ತಲೆಯ ಮೇಲಿನ ಕೆಲಸಕ್ಕೆ ಮಾತ್ರ ಪೂರ್ತಿ ಚರ್ಮ ಬೇಕೇ ಬೇಕು. ನೈಲಾನ್, ಟೆರಿಕಾಟ್ ಬೇಡವೇ ಬೇಡ, ಕಿಡಿಗೆ ಕರಗಿ ಮೈಗಂಟುತ್ತದೆ. ಬೆವರಿನಿಂದ ಇನ್ನೊಂದು ಅಪಾಯವಿದೆ. ಆರ್ಕ್ ಹೊತ್ತದಿದ್ದಾಗಲೂ ಹೋಲ್ಡರಿನಲ್ಲಿ 50ರಿಂದ 80 ವೋಲ್ಟ್ ಇರುತ್ತದೆ. ಒದ್ದೆ ಗ್ಲೌಸಿನ ಕೈಗೆ ಶಾಕ್ ಹೊಡೆಯಲು ಅಷ್ಟೇ ಸಾಕು. ಒಬ್ಬೊಬ್ಬರಿಗೆ ಎರಡು ಜೊತೆ ಗ್ಲೌಸ್ ಕೊಡಿ, ಒಂದು ಒಣಗಲಿ. ಕಾಲಡಿ ಒಣ ಹಲಗೆ ಇರಲಿ, ಅರ್ಥ್ ಕ್ಲಾಂಪನ್ನು ಶೆಡ್ಡಿನ ಕಂಬಕ್ಕಲ್ಲ, ಬೆಸೆಯುವ ಜಾಬಿಗೇ ಹಾಕಿಸಿ. ಸೆಕೆ ತಾಳದೆ ಗ್ಯಾಸ್ ಕಟಿಂಗ್ ಸೆಟ್ಟಿನ ಆಕ್ಸಿಜನ್ನನ್ನು ಅಂಗಿಯೊಳಗೆ ಬಿಟ್ಟುಕೊಳ್ಳುವವರಿದ್ದಾರೆ. ಆಕ್ಸಿಜನ್ ಹೀರಿದ ಬಟ್ಟೆಗೆ ಒಂದು ಕಿಡಿ ತಾಕಿದರೆ ಮೈಯೇ ಹೊತ್ತಿಕೊಳ್ಳುತ್ತದೆ. ಇದಕ್ಕೆ ಬೈಗುಳ ಮದ್ದಲ್ಲ, ದೊಡ್ಡ ಫ್ಯಾನ್ ಮದ್ದು. ಅದನ್ನು ಪಕ್ಕದಿಂದ ಬೀಸುವಂತಿಡಿ; ಬೆನ್ನ ಹಿಂದಿಟ್ಟರೆ ಹೊಗೆ ಸುತ್ತಿ ಮುಖಕ್ಕೇ ಬರುತ್ತದೆ.

ಆ ಹೊಗೆಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2017ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಸತು ಲೇಪಿಸಿದ ಜಿಐ ಪೈಪ್ ಬೆಸೆದ ದಿನ ಸಂಜೆಗೆ ಚಳಿಜ್ವರ ಬರುವುದು ಸತುವಿನ ಹೊಗೆಯಿಂದ. ಹಾಲು, ಬೆಲ್ಲ ಅದನ್ನು ತಡೆಯಲಾರವು. ಜಾಯಿಂಟಿನ ಎರಡೂ ಬದಿ ಒಂದೆರಡು ಇಂಚು ಸತು ಗ್ರೈಂಡ್ ಮಾಡಿಸಿ, ಹೆಲ್ಮೆಟ್ ಒಳಗೆ ಸಣ್ಣ ಕಣ ಸೋಸುವ ಎಫ್‌ಎಫ್‌ಪಿ2 ಮಾಸ್ಕ್ ಹಾಕಿಸಿ. ಮೂಗಿಗೆ ಸುತ್ತಿದ ಟವೆಲ್ ಆ ಹೊಗೆ ತಡೆಯುವುದಿಲ್ಲ.

ನಿಮ್ಮೊಬ್ಬರನ್ನೇ ದೂರುತ್ತಿಲ್ಲ. ತೋರಣಗಲ್ಲು, ಗಿಣಿಗೇರಾದ ದೊಡ್ಡ ಕಾರ್ಖಾನೆಗಳಿಗೆ ಕಾಯ್ದೆಯುಂಟು, ಸುರಕ್ಷತಾ ಅಧಿಕಾರಿಯುಂಟು. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 35ನೇ ಕಲಂ ಕಣ್ಣಿನ ರಕ್ಷಣೆಗೆಂದೇ ಬರೆದದ್ದು. ಆದರೆ ವಿದ್ಯುತ್ ಬಳಸುವ ಕಡೆ ಕನಿಷ್ಠ ಹತ್ತು ಕೆಲಸಗಾರರಿದ್ದರೆ ಮಾತ್ರ ಅದು ಅನ್ವಯವಾಗುತ್ತಿತ್ತು. ಮೂರು ಜನರ ರಸ್ತೆಬದಿಯ ಅಂಗಡಿಯ ಕಣ್ಣು ಲೆಕ್ಕಕ್ಕೇ ಬರಲಿಲ್ಲ. ಅವಘಡವಾದರೆ ನಮ್ಮ ಪತ್ರಿಕೆಗಳು ‘ಕಾರ್ಮಿಕನ ನಿರ್ಲಕ್ಷ್ಯ’ ಎಂದು ಬರೆದು ಮುಗಿಸುತ್ತವೆ. ಮನೆ ಕಟ್ಟಿಸುವವರು ಗ್ರಿಲ್ಲಿಗೆ ಕೆಜಿಗೆ ಎರಡು ರೂಪಾಯಿ ಇಳಿಸಲು ಅರ್ಧ ದಿನ ಚೌಕಾಸಿ ಮಾಡುತ್ತಾರೆ. ಆ ಎರಡು ರೂಪಾಯಿ ಕೊನೆಗೆ ಮುರಿಯುವುದು ಗಾಜು, ಗ್ಲೌಸಿನಲ್ಲೇ.

ಮುಂದಿನ ಎಸ್ಟಿಮೇಟಿನಲ್ಲಿ ರಾಡು, ಗ್ಯಾಸು, ಪೇಂಟಿನ ಕೆಳಗೆ ಗಾಜು, ಗ್ಲೌಸು, ಮಾಸ್ಕಿಗೂ ಒಂದು ಸಾಲು ಬರೆಯಿರಿ. ಗಿರಾಕಿ ಕೇಳಿದರೆ ಯಾತಕ್ಕೆಂದು ಹೇಳಿ. ಹೆಲ್ಮೆಟ್ ಕೊಳ್ಳಲು ಹೋಗುವಾಗ ಟ್ಯಾಕ್ ಹೊಡೆಯುವ ಹುಡುಗನನ್ನೂ ಕರೆದುಕೊಂಡು ಹೋಗಿ, ಅವನ ತಲೆಗೆ ಹೊಂದುವುದನ್ನು ಅವನೇ ಆರಿಸಲಿ.

– ಸಂ.