ಮೈಥಿಲಿ ಹಿಂದಿಯದ್ದೇ ಒಂದು ಬಗೆ ತಾನೇ, ದರ್ಭಂಗಾ ಸರ್ವೆಗೆ ಹಿಂದಿ ಫಾರ್ಮ್ ಸಾಕಲ್ವಾ?

ಸಾಕಾಗಲ್ಲ. ಬಿಹಾರದ ದರ್ಭಂಗಾ ಕಡೆ ಸ್ವಸಹಾಯ ಸಂಘದ ಹೆಂಗಸರ ಸರ್ವೆ, ಫಾರ್ಮ್ ಮಾತ್ರ ಬೆಂಗಳೂರಲ್ಲಿ ರೆಡಿ ಆಗ್ತಿದೆ, ಟೀಮಲ್ಲಿ ಒಬ್ಬರು ಮೈಥಿಲಿ ಅನುವಾದ ಬೇಕು ಅಂತ ಹಟ ಹಿಡಿದಿದಾರೆ, ನಿಮಗೆ ಅದು ದಂಡದ ಖರ್ಚು ಅನ್ನಿಸ್ತಿದೆ ಯಾಕಂದ್ರೆ ಎರಡೂ ದೇವನಾಗರಿ, ಅಲ್ಲಿ ಎಲ್ಲರಿಗೂ ಹಿಂದಿ ಬರುತ್ತೆ, ಬೇಕಾದ್ರೆ ಸಿಬ್ಬಂದಿನೇ ಬಾಯಲ್ಲಿ ಅನುವಾದ ಮಾಡ್ಕೊಳ್ಲಿ ಅಂತ ಬರೆದಿದೀರಿ. ಈ ಲೆಕ್ಕಾಚಾರ ಪೂರ್ತಿ ನಾನೂ ಹಾಕಿದ್ದೆ, ಅದರಿಂದ ಕೆಲಸಾನೂ ಕಳ್ಕೊಂಡೆ, ಹಾಗಾಗಿ ಸ್ವಲ್ಪ ಉದ್ದಾನೇ ಬರೀತೀನಿ, ದಯವಿಟ್ಟು ಪೂರ್ತಿ ಓದಿ.

ನಾನಾಗ ಒಂದು ಸಂಸ್ಥೇಲಿ ಆರೋಗ್ಯದ ಸರ್ವೆಗಳ ಡೇಟಾ ನೋಡ್ಕೊಳ್ತಿದ್ದೆ. ಒಂದು ಪ್ರಾಜೆಕ್ಟಲ್ಲಿ ಉತ್ತರ ಪ್ರದೇಶದ ಮಥುರಾ ಜಿಲ್ಲೆ, ಬಿಹಾರದ ಮಧುಬನಿ ಜಿಲ್ಲೆ, ಎರಡೂ ಕಡೆ ಮದುವೆ ಆದ ಹೆಂಗಸರನ್ನ ಮಾತಾಡಿಸೋದಿತ್ತು. ನನಗೆ ಹಿಂದಿ ಚೆನ್ನಾಗಿ ಬರುತ್ತೆ, ಸ್ಕೂಲಲ್ಲಿದ್ದಾಗ ಹಿಂದಿ ಪರೀಕ್ಷೆಗಳನ್ನೆಲ್ಲ ಕಟ್ಟಿ ಪಾಸ್ ಆಗಿದ್ದೆ, ಆ ಧೈರ್ಯದ ಮೇಲೆ ಎರಡೂ ಜಿಲ್ಲೆಗೆ ಒಂದೇ ಹಿಂದಿ ಫಾರ್ಮ್ ಮಾಡಿದೆ. ಅದರಲ್ಲಿ ಮೊದಲು ಮಾತೃಭಾಷೆ ಅಂತ ಒಂದು ಕಾಲಂ ಇತ್ತು. ಫಾರ್ಮ್ ಉದ್ದ ಆಗ್ತಿದೆ ಅಂತ ಎಲ್ಲರೂ ಗೊಣಗ್ತಿದ್ರು, ಒಂದು ಪೇಜ್ ಇಳಿಸ್ಬೇಕಿತ್ತು, ಎರಡೂ ಹಿಂದಿ ಬೆಲ್ಟೇ ಅಲ್ವಾ ಅಂದ್ಕೊಂಡು ಆ ಕಾಲಂ ಕಿತ್ತು ಹಾಕಿದೆ. ಎಲ್ಲರ ಮುಂದೇನೂ ಭಾಷೆ ಹಿಂದಿ ಅಂತ ಕಂಪ್ಯೂಟರೇ ತುಂಬ್ಕೊಳ್ಳೋ ಹಾಗೆ ಮಾಡಿದೆ. ಮಧುಬನಿ ಕಡೆಯ ಒಬ್ಬ ಹುಡುಗಿ ಟ್ರೈನಿಂಗಲ್ಲಿ, ಸರ್ ಇಲ್ಲಿ ಅಜ್ಜಿಯಂದ್ರು ಹಿಂದೀಲಿ ಮಾತಾಡಲ್ಲ ಅಂದಿದ್ಲು. ನೀವೇ ಬಾಯಲ್ಲಿ ಹೇಳಿ ಅರ್ಥ ಮಾಡ್ಸಿ, ಅವರು ಹೇಳಿದ್ದನ್ನ ಹೇಳಿದ ಹಾಗೇ ಬರ್ಕೊಳ್ಳಿ ಅಂದೆ. ಅವಳು ಹಾಗೇ ಮಾಡಿದ್ಲು, ಅವಳ ತಪ್ಪು ಚೂರೂ ಇಲ್ಲ.

ಒಂದು ಪ್ರಶ್ನೆ ಇತ್ತು, ಮನೇಲಿ ಯಾರಿಗಾದ್ರೂ ಕಾಯಿಲೆ ಕಸಾಲೆ ಬಂದ್ರೆ ಆಸ್ಪತ್ರೆಗೆ ಕರ್ಕೊಂಡು ಹೋಗೋ ತೀರ್ಮಾನ, ಅದರ ಖರ್ಚಿನ ತೀರ್ಮಾನ ಯಾರದ್ದು ಅಂತ. ಉತ್ತರಾನ ಅವರ ಮಾತಲ್ಲೇ ಬರ್ಕೊಂಡು, ಆಮೇಲೆ ಬೆಂಗಳೂರಲ್ಲಿ ನಾವು ಅದನ್ನ ನಾನೇ, ಗಂಡ, ಇಬ್ಬರೂ ಸೇರಿ, ಅತ್ತೆ ಮಾವ ಅಂತ ವಿಂಗಡಿಸೋದು. ಮಧುಬನಿ ಫಾರ್ಮುಗಳಲ್ಲಿ ರಾಶಿ ರಾಶಿ ‘ಹಮ್’ ಅಂತ ಬಂತು. ಹಿಂದೀಲಿ ಹಮ್ ಅಂದ್ರೆ ನಾವು. ಎಲ್ಲಾನೂ ‘ಇಬ್ಬರೂ ಸೇರಿ’ ಡಬ್ಬಕ್ಕೆ ಹೋಯ್ತು. ಮಥುರಾ ಕಡೆ ಗಂಡನೇ ಜಾಸ್ತಿ, ಮಧುಬನೀಲಿ ಗಂಡ ಹೆಂಡತಿ ಕೂತು ಮಾತಾಡಿ ತೀರ್ಮಾನ ಮಾಡ್ತಾರೆ ಅಂತ ಗ್ರಾಫ್ ಬಂತು, ನೋಡೋಕೆ ಬಲು ಚೆನ್ನಾಗಿತ್ತು, ದುಡ್ಡು ಕೊಟ್ಟವರ ಮುಂದೆ ನಾನೇ ಎದ್ದು ನಿಂತು ಅದನ್ನ ವಿವರಿಸಿದೆ.

ಅಲ್ಲಿ ದರ್ಭಂಗಾದವರೊಬ್ಬರು ಮೇಡಂ ಕೂತಿದ್ರು. ಅವರು ಕೇಳಿದ್ದು ಒಂದೇ, ಮಧುಬನೀಲಿ ಅಷ್ಟೊಂದು ಗಂಡಸರು ಊರಲ್ಲಿ ಎಲ್ಲಿದ್ರು ನಿಮಗೆ, ಅರ್ಧ ಊರು ದೆಹಲಿ, ಪಂಜಾಬ್ ಅಂತ ದುಡಿಯೋಕೆ ಹೋಗಿರುತ್ತಲ್ಲ? ಮೂಲ ಫಾರ್ಮುಗಳನ್ನ ತರಿಸಿ ನೋಡಿದ್ರು, ಹಮ್ ಅಂತ ಇರೋದನ್ನ ತೋರಿಸಿ, ಇದು ನಾನು ಅಂತ ಕಣ್ರೀ ಅಂದ್ರು.

ಇವತ್ತಿನ ಮಾತಿನ ಮೈಥಿಲೀಲಿ ಹಮ್ ಅಂದ್ರೆ ನಾನು, ಒಬ್ಬಳೇ. ನಾವು ಅನ್ನೋಕೆ ಹಮ್ ಸಬ್ ಅನ್ಬೇಕು. ಆ ಹೆಂಗಸರು ಹೇಳಿದ್ದು ನಾನೇ ನೋಡ್ಕೋತೀನಿ, ಗಂಡ ದೂರ ಇದಾನೆ, ಮಗೂಗೆ ಜ್ವರ ಬಂದ್ರೆ ಸಾಲ ಮಾಡೋಳೂ ನಾನೇ, ಹೊತ್ಕೊಂಡು ಓಡೋಳೂ ನಾನೇ ಅಂತ. ನಾನು ಅದನ್ನ ಗಂಡನ ಜೊತೆ ಸೇರಿ ಅಂತ ಮಾಡ್ಬಿಟ್ಟಿದ್ದೆ. ಆ ಪ್ರಾಜೆಕ್ಟಿನ ಅತಿ ಮುಖ್ಯವಾದ ಸತ್ಯಾನೇ ತಲೆಕೆಳಗಾಗಿತ್ತು.

ಇಲ್ಲಿ ನೀವು ಕೇಳ್ಬಹುದು, ತಪ್ಪು ಗೊತ್ತಾದ ಮೇಲೆ ಕೋಡ್ ಬದಲಾಯಿಸಿದ್ರೆ ಆಯ್ತಲ್ಲ ಅಂತ. ಆಗಲಿಲ್ಲ, ಆಗದೇ ಇದ್ದಿದ್ದಕ್ಕೆ ಕಾರಣ ನಾನು ಕಿತ್ತು ಹಾಕಿದ ಆ ಕಾಲಂ. ಮಧುಬನೀಲೂ ಎಲ್ಲಾ ಮನೇಲಿ ಮೈಥಿಲಿ ಆಡ್ತಾರೆ ಅಂತಿಲ್ಲ, ಪೇಟೇಲಿ ಹೊರಗಿಂದ ಬಂದ ವ್ಯಾಪಾರದ ಮನೆಗಳಿವೆ, ಹಿಂದೀಲೇ ಬೆಳೆದ ಹೊಸ ಸೊಸೆಯಂದ್ರಿದಾರೆ, ಅವರ ಹಮ್ ನಿಜವಾಗ್ಲೂ ನಾವು ಇರ್ಬಹುದು. ಮಥುರಾದಲ್ಲೂ ಒಬ್ಬೊಬ್ಬರು ತಮ್ಮ ಬಗ್ಗೆನೇ ಹಮ್ ಅಂತಾರೆ, ಆದ್ರೆ ಅವರಿಗೆ ನಾನು ಅನ್ನೋಕೆ ‘ಮೈ’ ಅನ್ನೋ ಮಾತೂ ಇದೆ. ಯಾವ ಹಮ್ ಯಾವ ಭಾಷೇದು ಅಂತ ಬೇರೆ ಮಾಡೋಕೆ ಒಂದೇ ಒಂದು ಕಾಲಂ ಸಾಕಿತ್ತು, ಎಲ್ಲರ ಮುಂದೇನೂ ಹಿಂದಿ ಅಂತ ನಾನೇ ತುಂಬ್ಸಿದ್ದೆ. ಕ್ರಿಯಾಪದ ನೋಡಿ ಗುರುತಿಸೋಣ ಅಂದ್ರೆ ಸುಮಾರು ಜನ ಬರ್ಕೊಂಡಿದ್ದು ಬರೀ ಹಮ್, ಮುಂದೆ ಏನೂ ಇಲ್ಲ. ಫಾರ್ಮಲ್ಲಿ ಹೆಸರು ಬರ್ಕೊಂಡಿರ್ಲಿಲ್ಲ, ಗುಟ್ಟಿನ ನಿಯಮ, ವಾಪಸ್ ಹೋಗಿ ಕೇಳೋ ದಾರೀನೂ ಇಲ್ಲ. ಆ ಭಾಗದ ಡೇಟಾ ಅಷ್ಟೂ ಎಸೆದ್ರು, ಮಧುಬನಿ ಸರ್ವೆ ಮತ್ತೆ ಮಾಡಿಸಿದ್ರು, ನನ್ನ ಕಾಂಟ್ರಾಕ್ಟ್ ಮುಂದುವರಿಸಲಿಲ್ಲ. ಅನುವಾದಕ್ಕೆ ಆಗ್ತಿದ್ದ ದುಡ್ಡು ಅದರ ಮುಂದೆ ಏನೇನೂ ಅಲ್ಲ.

ಈಗ ನಿಮ್ಮ ಪ್ರಶ್ನೆಯ ‘ಹಿಂದಿಯದ್ದೇ ಒಂದು ಬಗೆ’ ಅನ್ನೋ ಭಾಗಕ್ಕೆ ಬರ್ತೀನಿ, ಅದನ್ನ ನಾನು ಒಪ್ಪಲ್ಲ. ಆ ಘಟನೆ ಆದ ಮೇಲೆ ಕೂತು ಮೈಥಿಲಿ ಕಲಿತೆ, ಕಲಿತಾ ಕಲಿತಾ ಗೊತ್ತಾಗಿದ್ದು ಅದರ ಮೈಕಟ್ಟು ಇರೋದೇ ಬೇರೆ ಕಡೆ. ನಾನು ಹೋಗ್ತೀನಿ ಅನ್ನೋಕೆ ಹಿಂದೀಲಿ ಮೈ ಜಾವೂಂಗಾ, ಮೈಥಿಲೀಲಿ ಹಮ್ ಜಾಯಬ್, ಬಂಗಾಳೀಲಿ ಆಮಿ ಜಾಬೊ. ಭವಿಷ್ಯಕ್ಕೆ ಆ ಬಕಾರ, ಭೂತಕ್ಕೆ ಲಕಾರ, ಅವನು ಹೋದ ಅನ್ನೋಕೆ ಓ ಗೇಲ್, ಬಂಗಾಳೀಲೂ ಗೇಲೋನೇ. ಎರಡು ಅಂತ ಎಣಿಸುವಾಗ ದೂ ಟಾ ಅಂತಾರೆ, ಆ ಟಾ ಬಂಗಾಳೀಲಿ ಇದೆ, ಹಿಂದೀಲಿ ಇಲ್ಲ. ಹಿಂದೀಲಿ ನಮ್ಮನ್ನ ಒದ್ದಾಡಿಸೋ ಆ ‘ನೇ’ ಪ್ರತ್ಯಯ ಇದೆಯಲ್ಲ, ಮೈನೇ ದೇಖಾ ಅಂತ, ಅದು ಇಲ್ಲಿಲ್ಲ. ಜಾತಾ ಜಾತೀ ಅಂತ ಗಂಡು ಹೆಣ್ಣು ನೋಡ್ಕೊಂಡು ಕ್ರಿಯಾಪದ ಬದಲಾಯಿಸೋ ಕಾಟಾನೂ ಮಾಮೂಲಿ ಮಾತಲ್ಲಿ ಇಲ್ಲ. ಬದಲಿಗೆ ಹಿಂದೀಲಿ ಇಲ್ಲದ ಒಂದು ಅದ್ಭುತ ಇದೆ, ಯಾರನ್ನ ನೋಡಿದೆ ಅನ್ನೋದ್ರ ಮೇಲೆ ‘ನೋಡಿದೆ’ ಅನ್ನೋದೇ ಬದಲಾಗುತ್ತೆ. ನಿನ್ನನ್ನ ನೋಡಿದೆ ಅಂದ್ರೆ ದೇಖಲಿಔ, ಅವನನ್ನ ಅಂದ್ರೆ ದೇಖಲಿಐ, ಅವರನ್ನ ಅಂತ ಮರ್ಯಾದೆ ಕೊಟ್ಟು ಹೇಳೋದಾದ್ರೆ ದೇಖಲಿಅನ್ಹಿ. ಮಾತಾಡೋರು, ಕೇಳೋರು, ಮಾತಿಗೆ ಬಂದೋರು ಎಲ್ಲರ ಸ್ಥಾನಮಾನ ಒಂದು ಕ್ರಿಯಾಪದದಲ್ಲಿ ಕೂತಿರುತ್ತೆ. ಇಂಥ ಭಾಷೇಲಿ ಒಬ್ಬ ಅತ್ತೆ ಬಗ್ಗೆ ಸೊಸೆ ಹೇಗೆ ಮಾತಾಡ್ತಾಳೆ ಅನ್ನೋದನ್ನ ಹಿಂದಿ ಫಾರ್ಮಲ್ಲಿ ಹಿಡಿಯೋಕೆ ಆಗಲ್ಲ ಕಣ್ರೀ.

ಇದನ್ನ ನಾನು ಕಂಡುಹಿಡಿದಿದ್ದಲ್ಲ, 1880ರ ದಶಕದ ಆರಂಭದಲ್ಲೇ ಬ್ರಿಟಿಷ್ ಕಾಲದ ಅಧಿಕಾರಿ, ಭಾಷಾ ವಿದ್ವಾಂಸ ಗ್ರಿಯರ್ಸನ್ ಮೈಥಿಲಿ ವ್ಯಾಕರಣ ಬರೆದಿದ್ರು, ಆಮೇಲೆ ಅವರ ಭಾಷಾ ಸರ್ವೇಕ್ಷಣೇಲಿ ಮೈಥಿಲಿ, ಮಗಹಿ, ಭೋಜಪುರಿ ಮೂರನ್ನೂ ಬಿಹಾರಿ ಅಂತ ಗುಂಪು ಮಾಡಿ ಬಂಗಾಳಿ, ಒಡಿಯಾ, ಅಸ್ಸಾಮಿ ಇರೋ ಪೂರ್ವದ ಶಾಖೆಗೆ ಸೇರಿಸಿದ್ರು. ಹಾಗಾದ್ರೆ ಹಿಂದಿ ತರ ಯಾಕೆ ಕಾಣುತ್ತೆ? ಮುಖ್ಯವಾಗಿ ಲಿಪಿ. ಮೈಥಿಲಿಗೆ ತಿರಹುತಾ ಅಂತ ಸ್ವಂತ ಲಿಪಿ ಇತ್ತು, ಮಿಥಿಲಾಕ್ಷರ ಅಂತಾನೂ ಕರೀತಾರೆ, ನೋಡೋಕೆ ಬಂಗಾಳಿ ಲಿಪಿ ತರ. 20ನೇ ಶತಮಾನದಲ್ಲಿ ಪ್ರಿಂಟಿಂಗ್, ಸ್ಕೂಲು ಎಲ್ಲಾ ದೇವನಾಗರಿಗೆ ಹೋಯ್ತು. ಆ ಲಿಪಿ ಕಂಪ್ಯೂಟರಿನ ಅಕ್ಷರಗಳ ಪಟ್ಟಿಯಾದ ಯೂನಿಕೋಡಿಗೆ ಬಂದಿದ್ದು 2014ರಲ್ಲಿ. ಜೊತೆಗೆ ಸ್ಕೂಲು, ಕಚೇರಿ, ಪೇಪರು ಎಲ್ಲಾ ಹಿಂದಿ. ಮಿಥಿಲೆಯವರೇ, ಅಂದ್ರೆ ಮೈಥಿಲಿ ಆಡೋ ಸೀಮೆಯವರೇ, ಹಿಂದಿಯನ್ನ ಕಟ್ಟಿದಾರೆ ಅನ್ನೋದೂ ನಿಜ, ಹಿಂದಿಯ ದೊಡ್ಡ ಕವಿ ನಾಗಾರ್ಜುನ್ ಮೈಥಿಲೀಲಿ ಯಾತ್ರಿ ಅನ್ನೋ ಹೆಸರಲ್ಲಿ ಬರೀತಿದ್ರು. ಮಧುಬನಿಯ ಬಿಸ್ಫಿ ಊರಿನ ಹಳೇ ಕಾಲದ ಕವಿ ವಿದ್ಯಾಪತಿಯನ್ನ ಹಿಂದಿ ಸಾಹಿತ್ಯ ಚರಿತ್ರೆಯವರು ತಮ್ಮವನು ಅಂತಾರೆ, ಬಂಗಾಳದ ವೈಷ್ಣವರು ಆತನ ಪದಗಳನ್ನ ಎಷ್ಟು ಹಚ್ಕೊಂಡ್ರು ಅಂದ್ರೆ ಅದರ ಗುಂಗಲ್ಲಿ ವ್ರಜಬುಲಿ ಅಂತ ಒಂದು ಕಾವ್ಯಭಾಷೇನೇ ಹುಟ್ಟಿತು.

ಸರ್ಕಾರಿ ಲೆಕ್ಕ ನೋಡಿದ್ರೆ, ಸಾಹಿತ್ಯ ಅಕಾಡೆಮಿ 1965ರಲ್ಲೇ ಮೈಥಿಲೀನ ಒಪ್ಕೊಂಡಿತ್ತು, ಸಂವಿಧಾನದ ಎಂಟನೇ ಶೆಡ್ಯೂಲಿಗೆ ಬಂದಿದ್ದು 2003ರ 92ನೇ ತಿದ್ದುಪಡೀಲಿ, ಬೋಡೋ, ಡೋಗ್ರಿ, ಸಂತಾಲಿ ಜೊತೆ. 2011ರ ಜನಗಣತೀಲಿ ಸುಮಾರು 1.35 ಕೋಟಿ ಜನ ಮೈಥಿಲಿ ಅಂತ ಬರೆಸಿದಾರೆ. ಅದೇ ಗಣತೀಲಿ ಭೋಜಪುರಿ ಅಂತ ಬರೆಸಿದ 5 ಕೋಟಿ ಜನ ಹಿಂದಿಯ 52 ಕೋಟಿ ಚಿಲ್ಲರೆಯ ಒಳಗೇ ಸೇರಿದಾರೆ. ಅಂದ್ರೆ ಕಾಲಂ ಹೆಸರು ಯಾರು ಬರೀತಾರೆ ಅನ್ನೋದ್ರ ಮೇಲೆ ಭಾಷೆ ಉಪಭಾಷೆ ನಿಂತಿದೆ. ಕೊಂಕಣಿಯನ್ನ ಮರಾಠಿಯ ಉಪಭಾಷೆ ಅಂತ ಎಷ್ಟು ಕಾಲ ಅಂದ್ರು, 1992ರಲ್ಲಿ ಶೆಡ್ಯೂಲಿಗೆ ಬಂತು, ನಮ್ಮ ಕರಾವಳಿಯವರಿಗೆ ಈ ನೋವು ಬಿಡಿಸಿ ಹೇಳೋದು ಬೇಡ, ತುಳುವಿಗಂತೂ ಅದು ಇನ್ನೂ ಸಿಕ್ಕಿಲ್ಲ.

ಗಡಿ ದಾಟಿದ್ರೆ ಇನ್ನೂ ಸ್ಪಷ್ಟ. ನೇಪಾಳದ 2021ರ ಗಣತೀಲಿ ನೇಪಾಳಿ ಆದ ಮೇಲೆ ಅತಿ ಹೆಚ್ಚು ಜನರ ಮಾತೃಭಾಷೆ ಮೈಥಿಲೀನೇ, ಶೇಕಡ 11ರಷ್ಟು. ಅಲ್ಲಿನ ಆಗಿನ ಉಪರಾಷ್ಟ್ರಪತಿ ಪರಮಾನಂದ ಝಾ 2008ರಲ್ಲಿ ಹಿಂದೀಲಿ ಪ್ರಮಾಣವಚನ ತಗೊಂಡು ದೊಡ್ಡ ಗಲಾಟೆ ಆಯ್ತು, ಸುಪ್ರೀಂ ಕೋರ್ಟ್ ಅದು ಸಿಂಧು ಅಲ್ಲ ಅಂತು, ಕೊನೆಗೆ 2010ರಲ್ಲಿ ನೇಪಾಳಿ ಮತ್ತೆ ಮೈಥಿಲೀಲಿ ಮತ್ತೆ ಪ್ರಮಾಣ ಮಾಡಿದ್ರು. ಅಲ್ಲಿ ಮೈಥಿಲಿ, ಹಿಂದಿ ಎರಡನ್ನೂ ಬೇರೆ ಬೇರೆ ಭಾಷೆ ಅಂತಾನೇ ಎಣಿಸ್ತಾರೆ.

ಒಂದು ಎಚ್ಚರಿಕೆ ಮಾತ್ರ. ಮೈಥಿಲಿ ಅನುವಾದ ಅಂತ ಹೇಳಿ ಯಾರೋ ಪಂಡಿತರ ಕೈಲಿ ಬರೆಸಿ ತರ್ಬೇಡಿ. ಪುಸ್ತಕದ ಮೈಥಿಲಿ ಬಹಳ ಕಾಲದಿಂದ ಬ್ರಾಹ್ಮಣ ಕಾಯಸ್ಥರ ಕೈಲಿದೆ, ಮಿಕ್ಕ ಜಾತಿಯವರು ಆಡೋದನ್ನ ಠೇಠಿ ಅಂತ ತಳ್ಳಿಬಿಡ್ತಾರೆ. ಮುಜಫರ್‌ಪುರ ಕಡೆಯವರು ನಮ್ಮದು ಬಜ್ಜಿಕಾ, ಭಾಗಲ್ಪುರದ ಕಡೆಯವರು ನಮ್ಮದು ಅಂಗಿಕಾ ಅಂತಾರೆ, ಮೈಥಿಲಿಯ ಒಳಗೆ ಸೇರಿಸಿದ್ರೆ ಬೇಜಾರಾಗ್ತಾರೆ. ಹಿಂದಿ ಮೈಥಿಲಿಗೆ ಮಾಡಿದ್ದನ್ನೇ ಮೈಥಿಲಿಯ ದೊಡ್ಡವರು ಇವರಿಗೆ ಮಾಡೋದು ನೋಡಿದ್ರೆ ನನಗೆ ಸಂಕಟ ಆಗುತ್ತೆ. ನಿಮ್ಮ ಸಂಘದ ಹೆಂಗಸರಲ್ಲಿ ಹೆಚ್ಚಿನವರು ಈ ಠೇಠಿ ಮಾತಿನವರೇ ಇರ್ತಾರೆ.

ಆದ್ರಿಂದ ನೀವು ಮಾಡ್ಬೇಕಾದ್ದು ಇದು. ಆ ಬ್ಲಾಕಿನ ಹೆಂಗಸರ ಕೈಲೇ, ಬೇರೆ ಬೇರೆ ಜಾತಿಯವರ ಕೈಲಿ, ಫಾರ್ಮ್ ಅವರಾಡೋ ಮಾತಿಗೆ ತರಿಸಿ, ಮೂಲ ನೋಡದೇ ಇರೋ ಇನ್ನೊಬ್ಬರ ಕೈಲಿ ಅದನ್ನ ವಾಪಸ್ ಹಿಂದಿಗೋ ಇಂಗ್ಲಿಷಿಗೋ ಮಾಡಿಸಿ, ಎಲ್ಲಿ ಹೊಂದಲ್ವೋ ಅಲ್ಲಿ ಕೂತು ಚರ್ಚೆ ಮಾಡಿ. ಹಿಂದಿ ಫಾರ್ಮ್ ಕೊಟ್ಟು ಸಿಬ್ಬಂದಿ ಬಾಯಲ್ಲಿ ಅನುವಾದ ಮಾಡ್ಕೊಳ್ಲಿ ಅಂತ ನೀವು ಬರೆದಿರೋ ಮಧ್ಯದ ದಾರಿ ಇದೆಯಲ್ಲ, ಅದೇ ಎಲ್ಲಕ್ಕಿಂತ ಕೆಟ್ಟದ್ದು, ಯಾಕಂದ್ರೆ ಒಬ್ಬೊಬ್ಬಳು ಒಂದೊಂದು ಪ್ರಶ್ನೆ ಕೇಳಿರ್ತಾಳೆ, ನಿಮಗೆ ಗೊತ್ತೇ ಆಗಲ್ಲ. ಹಮ್ ಅಂತ ಬಂದ ಕಡೆ ಒಬ್ಬರೇನಾ, ಯಾರ ಜೊತೇಲಾದ್ರೂನಾ ಅಂತ ಇನ್ನೊಂದು ಪ್ರಶ್ನೆ ಕಡ್ಡಾಯ ಮಾಡಿ. ಮಾತೃಭಾಷೆ ಯಾವುದು ಅಂತ ನೇರವಾಗಿ ಕೇಳಿದ್ರೆ ಸರ್ಕಾರದವರು ಬಂದಿದಾರೆ ಅಂದ್ಕೊಂಡು ಹಿಂದಿ ಅಂದ್ಬಿಡ್ತಾರೆ, ಅದಕ್ಕೆ ಮನೇಲಿ ಮಕ್ಕಳನ್ನ ಯಾವ ಮಾತಲ್ಲಿ ಬೈತೀರಿ, ಅತ್ತೆ ಹತ್ರ ಯಾವುದರಲ್ಲಿ ಮಾತಾಡ್ತೀರಿ ಅಂತ ಕೇಳ್ಸಿ, ಅವರು ಹೇಳಿದ ಹೆಸರನ್ನೇ ಬರೆಸಿ, ಠೇಠಿ ಅಂದ್ರೆ ಠೇಠಿ ಅಂತಾನೇ. ಪ್ರಿಂಟಿಗೆ ಹೋಗೋ ಮುಂಚೆ ಫಾರ್ಮನ್ನ ಆ ಅನುವಾದ ಬೇಕು ಅಂದ ನಿಮ್ಮ ಟೀಮಿನವರ ಕೈಗೆ ಕೊಟ್ಟು, ಅವರು ಸೈ ಅಂದ ಮೇಲೇ ಕಳ್ಸಿ.